ಎಪ್ಪತ್ತೆರಡಕ್ಕೆ ಒಂದು ರೂಪಾಯಿ ಕಮ್ಮಿ ಇಲ್ಲ!

ಇವತ್ತು ರಾಜಕೀಯ ಬೇಡ. ಯಾರು ಯಾರಿಗೆ ಟಾಂಗ್ ಕೊಟ್ಟರು, ಯಾರ ಕುರ್ಚಿ ಅಲ್ಲಾಡ್ತಿದೆ, ಅದೆಲ್ಲ ನಾಳೆ ನೋಡೋಣ. ಇವತ್ತು ಮನೆ ವಿಷಯ. ನಮ್ಮ ಕಾರ್ಯಕ್ರಮಕ್ಕೆ ಬರುವ ಫೋನುಗಳಲ್ಲಿ ಪದೇ ಪದೇ ಕೇಳುವ ಒಂದು ಪ್ರಶ್ನೆ ಇದೆ. "ಸಾರ್, ಮನೆ ನೋಡಿದ್ವಿ, ಮನೆಯವರಿಗೆಲ್ಲ ಇಷ್ಟ ಆಗಿದೆ. ಆದ್ರೆ ಓನರ್ ಬಾಯಿಗೆ ಬಂದ ರೇಟು ಹೇಳ್ತಿದ್ದಾರೆ. ಹೇಗೆ ಮಾತಾಡೋದು?"

ಇದಕ್ಕೆ ಉತ್ತರ ನನಗೆ ಗೊತ್ತಿದೆ ಅಂದುಕೊಂಡಿದ್ದೆ. ನನ್ನ ಅಕ್ಕ, ಭಾವ ರಾಬರ್ಟ್‌ಸನ್‌ಪೇಟೆಯಲ್ಲಿ ಮನೆ ಕೊಳ್ಳೋಕೆ ಹೊರಟಾಗ ಗೊತ್ತಿಲ್ಲ ಅಂತ ಗೊತ್ತಾಯ್ತು.

ನನ್ನ ಭಾವ ಕೆಜಿಎಫ್‌ನಿಂದ ಬೆಂಗಳೂರಿಗೆ ದಿನಾ ರೈಲಲ್ಲಿ ಓಡಾಡುವ ಸಾವಿರಾರು ಜನರಲ್ಲಿ ಒಬ್ಬರು. ಕತ್ತಲಿರುವಾಗಲೇ ಉರಿಗಾಂ ಸ್ಟೇಷನ್ನಿಗೆ ಬಂದು ಮಾರಿಕುಪ್ಪಂ ಕಡೆಯಿಂದ ಬರೋ ಗಾಡಿ ಹಿಡಿದರೆ, ಮನೆಗೆ ವಾಪಸ್ ಬರೋದು ರಾತ್ರಿ ಊಟದ ಹೊತ್ತಿಗೆ. ಹದಿನೆಂಟು ವರ್ಷದಿಂದ ಹೀಗೇ ನಡೀತಿದೆ. ಆ ಹದಿನೆಂಟು ವರ್ಷದಲ್ಲಿ ಕೂಡಿಟ್ಟ ದುಡ್ಡು, ಅಕ್ಕ ಚೀಟಿ ಹಾಕಿ ಎತ್ತಿದ ದುಡ್ಡು, ಸ್ವಲ್ಪ ಒಡವೆ, ಎಲ್ಲ ಸೇರಿಸಿದರೆ 19 ಲಕ್ಷ. ಅದೇ ಅವರ ಇಡೀ ಬಂಡವಾಳ. ಗೀತಾ ರಸ್ತೆಯಿಂದ ನಡೆದು ಹೋಗುವಷ್ಟು ಹತ್ತಿರದಲ್ಲಿ ಒಂದು ಮನೆ ಸಿಕ್ಕಿತು. ಮೂವತ್ತು-ನಲವತ್ತರ ಸೈಟು, ಅದರಲ್ಲಿ 900 ಚದರ ಅಡಿಯ ಆರ್‌ಸಿಸಿ ಮನೆ. 1995ರಲ್ಲಿ ಕಟ್ಟಿದ್ದು. ಯಜಮಾನರು ಹೇಳಿದ ಬೆಲೆ 72 ಲಕ್ಷ.

ಅಕ್ಕ ನನಗೆ ಫೋನ್ ಮಾಡಿ, "ನೀನು ಬಾರೋ, ಟೀವೀಲಿ ಅಷ್ಟು ಮಾತಾಡ್ತೀಯಲ್ಲ" ಅಂದಳು. ಹೋದೆ. ಮಾತಾಡಿದೆ. ಸ್ಟುಡಿಯೋದಲ್ಲಿ ರಾಜಕಾರಣಿಯನ್ನು ಹೇಗೆ ತರಾಟೆಗೆ ತಗೋತೀನೋ ಹಾಗೇ. ಗೋಡೆ ಬಿರುಕು ಬಿಟ್ಟಿದೆ, ವೈರಿಂಗ್ ಹಳೇದು, ಬಾತ್‌ರೂಮ್ ನೋಡೋಕಾಗಲ್ಲ, ಈ ಮನೆಗೆ ಎಪ್ಪತ್ತೆರಡು ಯಾರು ಕೊಡ್ತಾರೆ ಹೇಳಿ ಅಂದೆ. ಎಪ್ಪತ್ತು ದಾಟಿದ ಆ ಹಿರಿಯರು ಸುಮ್ಮನೆ ಕೇಳಿಸಿಕೊಂಡರು. ಆಮೇಲೆ ಎದ್ದು ನಿಂತು, "ಸಾರ್, ನಿಮ್ಮ ಪ್ರೋಗ್ರಾಂ ದಿನಾ ನೋಡ್ತೀನಿ. ಅಲ್ಲಿ ಮಾತಾಡೋ ಹಾಗೆ ನನ್ನ ಮನೇಲಿ ಮಾತಾಡ್ಬೇಡಿ. ಎಪ್ಪತ್ತೆರಡಕ್ಕೆ ಒಂದು ರೂಪಾಯಿ ಕಮ್ಮಿ ಇಲ್ಲ" ಅಂದರು. ಕಾಫಿ ಕೂಡ ಬರಲಿಲ್ಲ. ವಾಪಸ್ ಬರುವಾಗ ಅಕ್ಕ ದಾರಿಯುದ್ದಕ್ಕೂ ಒಂದು ಮಾತಾಡಲಿಲ್ಲ.

ಈಗ ನೋಡಿ, ನಾನು ಮಾಡಿದ ಮೊದಲ ತಪ್ಪು ಯಾವುದು? ಆ ಮನುಷ್ಯ ಸುಳ್ಳು ಹೇಳ್ತಿದ್ದಾರೆ, ದುರಾಸೆ ಅಂದುಕೊಂಡಿದ್ದು. ಮನೆ ಮಾರುವವರು ಜಾಸ್ತಿ ಬೆಲೆ ಹೇಳೋದು ಬಹುತೇಕ ಸಲ ಮೋಸ ಅಲ್ಲ. ಅವರು ಅದನ್ನು ನಿಜವಾಗಿಯೂ ನಂಬಿರುತ್ತಾರೆ. ಇದನ್ನು ಪರೀಕ್ಷೆ ಮಾಡಿ ತೋರಿಸಿದವರಿದ್ದಾರೆ. 1990ರಲ್ಲಿ ಡೇನಿಯಲ್ ಕಾನೆಮನ್, ಜ್ಯಾಕ್ ನೆಚ್, ರಿಚರ್ಡ್ ಥೇಲರ್ ಅನ್ನೋ ಮೂವರು ವಿದ್ವಾಂಸರು ಪ್ರಕಟಿಸಿದ ಪ್ರಯೋಗ ಅದು. ಅರ್ಧ ವಿದ್ಯಾರ್ಥಿಗಳಿಗೆ ಒಂದೊಂದು ಕಾಫಿ ಮಗ್ ಕೊಟ್ಟರು. ಮಾರ್ತೀರಾ, ಎಷ್ಟಕ್ಕೆ ಅಂತ ಕೇಳಿದರು. ಮಗ್ ಸಿಗದವರಿಗೆ, ಕೊಳ್ತೀರಾ, ಎಷ್ಟಕ್ಕೆ ಅಂದರು. ಕೊಳ್ಳುವವರು ಹೇಳಿದ್ದರ ಎರಡು ಪಟ್ಟಿಗೂ ಹೆಚ್ಚು ಬೆಲೆಯನ್ನು ಇಟ್ಟುಕೊಂಡವರು ಹೇಳಿದರು. ಕೈಗೆ ಬಂದು ಕೆಲವೇ ನಿಮಿಷ ಆದ ಮಗ್‌ಗೇ ಹೀಗಾದರೆ, ಮೂವತ್ತು ವರ್ಷ ಬದುಕಿದ ಮನೆಗೆ?

ಅದರಲ್ಲೂ ಕೆಜಿಎಫ್‌ನ ಮನೆಗೆ. 2001ರ ಫೆಬ್ರವರಿ 28ಕ್ಕೆ ಚಿನ್ನದ ಗಣಿ ಮುಚ್ಚಿತು. ನೂರಿಪ್ಪತ್ತು ವರ್ಷ ನಡೆದ ಗಣಿ, ಮೂರು ಕಿಲೋಮೀಟರಿಗಿಂತ ಆಳಕ್ಕೆ ಇಳಿದಿದ್ದ ಗಣಿ. ಆ ಯಜಮಾನರು ಚಾಂಪಿಯನ್ ರೀಫ್‌ನಲ್ಲಿ ಕೆಲಸ ಮಾಡಿದವರು. ಪಿಎಫ್‌ನಿಂದ ಸಾಲ ತೆಗೆದು ಮನೆ ಕಟ್ಟಿದ ಆರನೇ ವರ್ಷಕ್ಕೆ ಕೆಲಸ ಹೋಯ್ತು. ಬೀದಿಯಲ್ಲಿ ಮನೆಗೆ ಬೀಗ ಹಾಕಿ ಬೆಂಗಳೂರಿಗೆ ಹೋದವರನ್ನು ಕಣ್ಣಾರೆ ನೋಡಿದ್ದಾರೆ. ಆ ಕಾಲಕ್ಕೆ ಯಾರೋ ಬಂದು ಕಟ್ಟಿದ ಖರ್ಚೂ ಹುಟ್ಟದ ಬೆಲೆಗೆ ಮನೆ ಕೇಳಿದ್ದರಂತೆ. ಕೊಡಲಿಲ್ಲ. ಹಿಡಿದುಕೊಂಡು ಕೂತರು. ಆ ಹಿಡಿದುಕೊಂಡಿದ್ದಕ್ಕೂ ಒಂದು ಬೆಲೆ ಇದೆ ಅಂತ ಅವರ ಲೆಕ್ಕ.

ಅದರ ಮೇಲೆ ಊರಿನ ಹವಾ. 2018ರಲ್ಲಿ ಸಿನಿಮಾ ಬಂತು, 2022ರಲ್ಲಿ ಎರಡನೇ ಭಾಗ ಬಂತು, ಕೆಜಿಎಫ್ ಅನ್ನೋ ಮೂರಕ್ಷರ ದೇಶಕ್ಕೆಲ್ಲ ಗೊತ್ತಾಯ್ತು. ಪರದೆ ಮೇಲೆ ಚಿನ್ನ, ಊರಲ್ಲಿ ಸೈನೈಡ್ ದಿಬ್ಬ! ಆಮೇಲೆ ಬೆಂಗಳೂರು–ಚೆನ್ನೈ ಎಕ್ಸ್‌ಪ್ರೆಸ್‌ವೇ. ಹೊಸಕೋಟೆ ಕಡೆಯಿಂದ ಬೇತಮಂಗಲದ ಕಡೆಗೆ ಗಾಡಿ ಓಡಾಡೋಕೆ ಶುರುವಾದ ಮೇಲೆ ಟೀ ಅಂಗಡಿಯಲ್ಲಿ ಎಲ್ಲರ ಬಾಯಲ್ಲೂ ಬರೀ ರೇಟು. ಯಜಮಾನರ ಮಗ ಬೆಂಗಳೂರಿನ ವೈಟ್‌ಫೀಲ್ಡ್ ಕಡೆ ಇರೋದು. ಅಲ್ಲಿ ಮೂವತ್ತು-ನಲವತ್ತರ ಸೈಟಿಗೆ ಎಷ್ಟಿದೆ ಗೊತ್ತಾ ಅಪ್ಪಾ ಅಂತ ಅವನೂ ಹೇಳಿದ್ದಾನೆ. ನೆನಪು, ಸಂಕಟ, ಹವಾ, ಮಗನ ಮಾತು, ನಾಲ್ಕೂ ಸೇರಿ 72 ಆಗಿದೆ. ನಾನು ಹೋಗಿ ವೈರಿಂಗ್ ಬಗ್ಗೆ ಮಾತಾಡ್ತಿದ್ದೆ!

ಎರಡನೇ ತಪ್ಪು ಇನ್ನೂ ಮಜವಾಗಿದೆ. ನಾವು ಮೂವರೂ ಮನೆಗೆ ಬಂದು ಕೂತು ಲೆಕ್ಕ ಹಾಕಿದ್ದು ಹೇಗೆ? "ಎಪ್ಪತ್ತೆರಡು ಅಂದಿದ್ದಾರೆ, ಅರವತ್ತೆರಡಕ್ಕೆ ಇಳಿಸಬಹುದಾ?" ನೋಡಿದ್ರಾ, ಅವರು ಹೇಳಿದ ಅಂಕಿಯನ್ನು ಹಿಡಿದುಕೊಂಡೇ ನಾವು ಕೆಳಗಿಳೀತಿದ್ದೀವಿ. ಮನಶ್ಶಾಸ್ತ್ರದವರು ಇದಕ್ಕೆ ಆಂಕರಿಂಗ್ ಅಂತಾರೆ. ಹಡಗಿಗೆ ಲಂಗರು ಹಾಕಿದ ಹಾಗೆ, ಮೊದಲು ಕಿವಿಗೆ ಬಿದ್ದ ಸಂಖ್ಯೆಯ ಸುತ್ತಲೇ ಮನಸ್ಸು ಸುತ್ತುತ್ತಿರುತ್ತದೆ. ಹೊಟ್ಟೆಪಾಡಿಗೆ ಆಂಕರ್ ಅನ್ನಿಸಿಕೊಂಡ ನಾನೇ ಆ ಲಂಗರಿಗೆ ಸಿಕ್ಕಿಹಾಕಿಕೊಂಡೆ. 1987ರಲ್ಲಿ ಅಮೆರಿಕದ ಟೂಸಾನ್ ಪಟ್ಟಣದಲ್ಲಿ ನಾರ್ತ್‌ಕ್ರಾಫ್ಟ್ ಮತ್ತು ನೀಲ್ ಅನ್ನೋ ಇಬ್ಬರು ಸಂಶೋಧಕರು ಒಂದೇ ಮನೆಯನ್ನು ಬೇರೆ ಬೇರೆ ರಿಯಲ್ ಎಸ್ಟೇಟ್ ಏಜೆಂಟರಿಗೆ ತೋರಿಸಿ, ಬೇರೆ ಬೇರೆ ಬೆಲೆ ಬರೆದ ಕಾಗದ ಕೊಟ್ಟಿದ್ದರು. ಜಾಸ್ತಿ ಬೆಲೆ ಓದಿದವರು ಮನೆಗೆ ಜಾಸ್ತಿ ಬೆಲೆ ಕಟ್ಟಿದರು. ಅದೇ ಕಸುಬಿನವರೂ ತಪ್ಪಿಸಿಕೊಳ್ಳಲಿಲ್ಲ.

ಹಾಗಾದ್ರೆ ಏನು ಮಾಡಬೇಕು? 72ನ್ನು ಪಕ್ಕಕ್ಕಿಟ್ಟು ಸೊನ್ನೆಯಿಂದ ಲೆಕ್ಕ ಹಾಕಬೇಕು. ನಾವು ಆ ಭಾನುವಾರ ಹಾಕಿದ್ದನ್ನೇ ಹೇಳ್ತೀನಿ. ಅಂಕಿ ಈ ಒಂದು ಮನೆಯದು, ನಿಮ್ಮದು ಬೇರೆ ಇರುತ್ತೆ. ಆದರೆ ದಾರಿ ಇದೇ.

ಮೊದಲು ನೆಲ. ಕಾವೇರಿ ಜಾಲತಾಣದಲ್ಲಿ ಆ ಬೀದಿಯ ಮಾರ್ಗಸೂಚಿ ಬೆಲೆ ಸಿಗುತ್ತೆ. ಅದು ಸರ್ಕಾರ ನಿಗದಿ ಮಾಡಿದ ಕನಿಷ್ಠ ಬೆಲೆ, ಮಾರುಕಟ್ಟೆ ಬೆಲೆ ಅಲ್ಲ. ಅಕ್ಕಪಕ್ಕದ ಕ್ರಯಪತ್ರಗಳಲ್ಲಿ ಬರೆದಿರೋದನ್ನೂ ಪೂರ್ತಿ ನಂಬುವ ಹಾಗಿಲ್ಲ, ಯಾಕಂದ್ರೆ ಎಷ್ಟೋ ಜನ ಮಾರ್ಗಸೂಚಿ ಬೆಲೆಗೇ ಬರೆಸಿ ಉಳಿದಿದ್ದನ್ನು ಕೈಯಲ್ಲಿ ಕೊಟ್ಟಿರ್ತಾರೆ. ಇನ್ನು ಟೀ ಅಂಗಡಿಯ ರೇಟು ಇನ್ನೊಂದು ಕಡೆಗೆ ಸುಳ್ಳು. ನನ್ನ ಅನುಭವದಲ್ಲಿ ನಂಬಬಹುದಾದವರು ಒಬ್ಬರೇ, ಇತ್ತೀಚೆಗೆ ಬ್ಯಾಂಕ್ ಸಾಲ ಮಾಡಿ ಕೊಂಡವರು. ಸಾಲ ಜಾಸ್ತಿ ಸಿಗಲಿ ಅಂತ ಅವರು ಬೆಲೆಯನ್ನು ಕಾಗದದಲ್ಲಿ ಕಮ್ಮಿ ಬರೆಸಿರೋದಿಲ್ಲ. ಭಾವನ ಜೊತೆ ರೈಲಲ್ಲಿ ಓಡಾಡುವ ಇಬ್ಬರು ಅಂಥವರು ಸಿಕ್ಕರು. ಅವರ ಲೆಕ್ಕದಲ್ಲಿ ಆ ಭಾಗಕ್ಕೆ ಚದರ ಅಡಿಗೆ ಸುಮಾರು 2,800 ರೂಪಾಯಿ. 1,200 ಅಡಿಗೆ 33.6 ಲಕ್ಷ.

ಆಮೇಲೆ ಕಟ್ಟಡ. ಹೊಸದಾಗಿ ಕಟ್ಟಿದರೆ ಅಡಿಗೆ 2,000 ಅಂದುಕೊಳ್ಳಿ, 900 ಅಡಿಗೆ 18 ಲಕ್ಷ. ಆದರೆ ಇದು ಹೊಸದಲ್ಲ. ಮೌಲ್ಯಮಾಪಕರು ಇಂಥ ಮನೆಗೆ ಸ್ಥೂಲವಾಗಿ 60 ವರ್ಷ ಆಯುಸ್ಸು ಹಿಡಿಯುತ್ತಾರೆ. ಮೂವತ್ತು ಮುಗಿದಿದೆ. ಅಂದ್ರೆ ಉಳಿದಿರೋದು 9 ಲಕ್ಷ. ಎರಡೂ ಸೇರಿ 42.6 ಲಕ್ಷ. ಜನ ಮರೆಯೋದು ಇದನ್ನೇ ನೋಡಿ, ನೆಲದ ಬೆಲೆ ಏರುತ್ತೆ, ಗೋಡೆಯ ಬೆಲೆ ಇಳಿಯುತ್ತೆ.

ಇನ್ನೊಂದು ದಾರಿಯಲ್ಲೂ ತಾಳೆ ನೋಡಿದ್ವಿ. ಆ ಮನೆ ಬಾಡಿಗೆಗೆ ಕೊಟ್ಟರೆ ತಿಂಗಳಿಗೆ 9,000 ಬರಬಹುದು, ವರ್ಷಕ್ಕೆ 1,08,000. ನಮ್ಮ ಊರುಗಳಲ್ಲಿ ಮನೆ ಬೆಲೆಯ ಶೇಕಡಾ ಎರಡರಿಂದ ಮೂರು ಬಾಡಿಗೆ ಹುಟ್ಟೋದು ಸಾಮಾನ್ಯ. ಎರಡೂವರೆ ಹಿಡಿದರೆ 43.2 ಲಕ್ಷ. ಎರಡು ಬೇರೆ ಬೇರೆ ದಾರಿ, ಹತ್ತಿರ ಹತ್ತಿರ ಒಂದೇ ಜಾಗಕ್ಕೆ ಬಂದು ನಿಂತವು. ಆಮೇಲೆ ನೋಂದಾಯಿತ ಮೌಲ್ಯಮಾಪಕರೊಬ್ಬರಿಗೆ ಫೀಸು ಕೊಟ್ಟು ಕರೆತಂದ್ವಿ. ಅವರು ಬರೆದು ಕೊಟ್ಟಿದ್ದು 44 ಲಕ್ಷ.

ಈಗ ಅತಿ ಮುಖ್ಯವಾದ ವಿಷಯಕ್ಕೆ ಬರ್ತೀನಿ. ಬ್ಯಾಂಕಿನವರು ಸಾಲ ಕೊಡೋದು ಯಾವುದರ ಮೇಲೆ? ನೀವು ಒಪ್ಪಿಕೊಂಡ ಬೆಲೆ, ಅವರ ಮೌಲ್ಯಮಾಪಕ ಕಟ್ಟಿದ ಬೆಲೆ, ಇವೆರಡರಲ್ಲಿ ಯಾವುದು ಕಮ್ಮಿಯೋ ಅದರ ಮೇಲೆ. 30 ಲಕ್ಷಕ್ಕಿಂತ ಹೆಚ್ಚು, 75 ಲಕ್ಷದವರೆಗಿನ ಗೃಹಸಾಲಕ್ಕೆ ರಿಸರ್ವ್ ಬ್ಯಾಂಕ್ ಹಾಕಿರುವ ಮಿತಿ ಶೇಕಡಾ 80. 44 ಲಕ್ಷದ ಶೇಕಡಾ 80 ಅಂದ್ರೆ 35.2 ಲಕ್ಷ. ನೀವು ಮನೆಯನ್ನು 48ಕ್ಕೆ ಕೊಳ್ಳಿ, 60ಕ್ಕೆ ಕೊಳ್ಳಿ, 72ಕ್ಕೆ ಕೊಳ್ಳಿ, ಬ್ಯಾಂಕ್ ಕೊಡೋದು ಅದೇ 35.2. ಓನರ್ ಜಾಸ್ತಿ ಹೇಳಿದ ಒಂದೊಂದು ರೂಪಾಯಿಯೂ ನಿಮ್ಮ ಜೇಬಿಂದಲೇ ಹೋಗಬೇಕು. ಸಾಲವಾಗಿ ಅಲ್ಲ, ನಗದಾಗಿ.

ಅದರ ಮೇಲೆ ನೋಂದಣಿ. ಮುದ್ರಾಂಕ ಶುಲ್ಕ ಶೇಕಡಾ 5, ಅದರ ಮೇಲೆ ಸೆಸ್ಸು ಸರ್ಚಾರ್ಜು ಸೇರಿ ಪಟ್ಟಣದಲ್ಲಿ 5.6. ನೋಂದಣಿ ಶುಲ್ಕವನ್ನು 2025ರ ಆಗಸ್ಟ್ 31ರಿಂದ ಸರ್ಕಾರ 1ರಿಂದ 2ಕ್ಕೆ ಏರಿಸಿತು. ಒಟ್ಟು 7.6. ಇದಕ್ಕೂ ಸಾಮಾನ್ಯವಾಗಿ ಸಾಲ ಸಿಗಲ್ಲ. ಹಾಗಾದರೆ 72 ಲಕ್ಷಕ್ಕೆ ಕೊಂಡರೆ ಭಾವ ಕೈಯಿಂದ ಹಾಕಬೇಕಿದ್ದು 42 ಲಕ್ಷಕ್ಕೂ ಜಾಸ್ತಿ. ಇರೋದು 19. ಅದರಲ್ಲಿ ವೈರಿಂಗ್ ಬಾತ್‌ರೂಮ್ ರಿಪೇರಿಗೆ 2 ಲಕ್ಷ ತೆಗೆದಿಟ್ಟರೆ 17. ಆ 17ರಿಂದ ಹಿಂದಕ್ಕೆ ಲೆಕ್ಕ ಹಾಕಿದಾಗ ಬಂದ ಗರಿಷ್ಠ ಬೆಲೆ 48.5 ಲಕ್ಷ. ಅದಕ್ಕಿಂತ ಒಂದು ರೂಪಾಯಿ ಜಾಸ್ತಿ ಆದರೂ ಕೈಸಾಲ, ಮೀಟರ್ ಬಡ್ಡಿ. ಅಕ್ಕ ಕ್ಯಾಲೆಂಡರ್ ಹಿಂದೆ ಪೆನ್ಸಿಲ್‌ನಲ್ಲಿ 48.5 ಅಂತ ಬರೆದಳು. "ಇದಕ್ಕಿಂತ ಮೇಲೆ ಹೋದ್ರೆ ಎದ್ದು ಬರೋದು" ಅಂದಳು. ಮನೆ ನೋಡೋಕೆ ಹೋಗುವ ಮುಂಚೆಯೇ ಈ ಅಂಕಿ ಬರೆದಿಟ್ಟುಕೊಳ್ಳಬೇಕಿತ್ತು. ಮನೆ ಇಷ್ಟ ಆದ ಮೇಲೆ ಬರೆಯೋಕೆ ಕೂತರೆ ಕೈ ತಾನಾಗೇ ಮೇಲಕ್ಕೆ ಹೋಗುತ್ತೆ.

ಮಧ್ಯೆ ಬ್ರೋಕರ್ ಒಬ್ಬರು ಬಂದರು. "ಸಾರ್, ಅರವತ್ತಕ್ಕೆ ಮಾಡಿಸ್ತೀನಿ. ಮೂವತ್ತು ವೈಟು, ಮೂವತ್ತು ಬ್ಲ್ಯಾಕು, ಸ್ಟ್ಯಾಂಪ್ ಡ್ಯೂಟಿ ಉಳಿಯುತ್ತೆ" ಅಂತ. ಕೇಳೋಕೆ ಚೆನ್ನಾಗಿದೆ. ಆದರೆ ಆಸ್ತಿ ವ್ಯವಹಾರದಲ್ಲಿ 20,000 ರೂಪಾಯಿ ಅಥವಾ ಅದಕ್ಕೂ ಹೆಚ್ಚು ನಗದಾಗಿ ಪಡೆಯುವ ಹಾಗಿಲ್ಲ. ಸಿಕ್ಕಿಬಿದ್ದರೆ ಪಡೆದವರಿಗೆ ಅಷ್ಟೇ ಮೊತ್ತದ ದಂಡ ಬೀಳಬಹುದು. ಕಾಗದದ ಬೆಲೆ ಮಾರ್ಗಸೂಚಿ ಬೆಲೆಗಿಂತ ಶೇಕಡಾ ಹತ್ತಕ್ಕೂ ಮೀರಿ ಕಮ್ಮಿಯಿದ್ದು, ವ್ಯತ್ಯಾಸ 50,000 ದಾಟಿದರೆ ಆ ವ್ಯತ್ಯಾಸವನ್ನು ಕೊಂಡವರ ಆದಾಯ ಅಂತ ಹಿಡಿದು ತೆರಿಗೆ ಹಾಕ್ತಾರೆ. ಇನ್ನು 30 ಲಕ್ಷದ ಕಾಗದಕ್ಕೆ ಸಾಲವೂ ಅಷ್ಟಕ್ಕೇ ಸಿಗೋದು. ಉಳಿತಾಯ ಎಲ್ಲಿ ಬಂತು? ಅವರಿಗೆ ಕಾಫಿ ಕೊಟ್ಟು ಕಳಿಸಿದ್ವಿ.

ಮೂರು ವಾರ ಬಿಟ್ಟು ಮತ್ತೆ ಹೋದ್ವಿ. ಈ ಸಲ ನನಗೆ ಅಕ್ಕನ ಆರ್ಡರ್: ಬಾಯಿ ಬಿಡಬಾರದು. ಮೊದಲು ಕ್ಷಮೆ ಕೇಳಿದೆ, ಆಮೇಲೆ ಸುಮ್ಮನೆ ಕೂತೆ. ಅಕ್ಕ ಅಮ್ಮನ ಹತ್ತಿರ, ಅಂದ್ರೆ ಆ ಯಜಮಾನರ ಹೆಂಡತಿ ಹತ್ತಿರ, ಮನೆ ಕಥೆ ಕೇಳೋಕೆ ಶುರು ಮಾಡಿದಳು. ಮೇಲೆ ನಾನು ಹೇಳಿದ ಗಣಿ ಕಥೆ, ಪಿಎಫ್ ಸಾಲದ ಕಥೆ ಗೊತ್ತಾಗಿದ್ದೆಲ್ಲ ಆವತ್ತೇ. ಒಂದೂವರೆ ಗಂಟೆ ಆಯ್ತು. ಬೆಲೆ ಮಾತೇ ಬರಲಿಲ್ಲ. ಆದರೆ ಎರಡು ಬಹಳ ದೊಡ್ಡ ವಿಷಯ ಹೊರಗೆ ಬಂತು. ಒಂದು, ಮನೆ ಮಾರಾಟಕ್ಕಿಟ್ಟು 14 ತಿಂಗಳಾಗಿದೆ, ಮೂರು ಪಾರ್ಟಿ ಬಂದು ಬೆಲೆ ಕೇಳಿ ಹೋಗಿದ್ದಾರೆ. ಎರಡು, ಅವರಿಗೆ ಮಗನ ಹತ್ತಿರ ಹೋಗಬೇಕಾಗಿರೋದು ಈಗಲ್ಲ, ಮೇ ತಿಂಗಳು ಮುಗಿದ ಮೇಲೆ. ಅಲ್ಲಿಯವರೆಗೆ ಮನೆ ಖಾಲಿ ಮಾಡಿ ಎಲ್ಲಿ ಇರೋದು ಅನ್ನೋದೇ ಅಮ್ಮನ ಚಿಂತೆ.

ಮುಂದಿನ ಸಲ ಭಾವ ಮೌಲ್ಯಮಾಪಕರ ವರದಿಯನ್ನು ತಗೊಂಡು ಹೋಗಿ ಯಜಮಾನರ ಕೈಗೇ ಕೊಟ್ಟರು. "ಇದು ನಮ್ಮ ಲೆಕ್ಕ ಅಲ್ಲ ಸಾರ್, ಬ್ಯಾಂಕಿನವರು ನೋಡೋ ಲೆಕ್ಕ. ನೀವೂ ನಿಮ್ಮ ಕಡೆಯವರ ಹತ್ತಿರ ಒಮ್ಮೆ ತೋರಿಸಿ." ನಿಮ್ಮ ಮನೆಗೆ ಬೆಲೆ ಇಲ್ಲ ಅನ್ನೋದಕ್ಕೂ, ಈ ಕಾಗದದ ಮೇಲೆ ನಮಗೆ ಸಿಗೋದು ಇಷ್ಟೇ ಅನ್ನೋದಕ್ಕೂ ವ್ಯತ್ಯಾಸ ಇದೆ. ಮೊದಲನೆಯದು ಅವಮಾನ. ಎರಡನೆಯದು ಇಬ್ಬರೂ ಸೇರಿ ನೋಡಬಹುದಾದ ಒಂದು ಸಮಸ್ಯೆ. ಮಗ ಬಂದು ವರದಿ ಓದಿದ. ವೈಟ್‌ಫೀಲ್ಡ್ ಮಾತು ಅಲ್ಲಿಗೆ ನಿಂತಿತು. 72 ಇದ್ದಿದ್ದು 62 ಆಯ್ತು, ಒಂದು ವಾರಕ್ಕೆ 56.

ಅಲ್ಲಿ ಅಕ್ಕ ಒಂದು ಲೆಕ್ಕ ಹೇಳಿದಳು. "ಅಂಕಲ್, 48 ಲಕ್ಷ ನಿಮ್ಮ ಹೆಸರಲ್ಲಿ ಬ್ಯಾಂಕಲ್ಲಿದ್ರೆ, ಆರೂವರೆ ಬಡ್ಡಿಗೆ ತಿಂಗಳಿಗೆ 26,000 ಬರ್ತಿತ್ತು." ಯಜಮಾನರು ಬಿಡ್ತಾರಾ? "ನಾವು ಈ ಮನೇಲೇ ಇದ್ದೀವಲ್ಲಮ್ಮ, ಬಾಡಿಗೆ ಉಳೀತಲ್ಲ!" ಸರಿಯಾದ ಮಾತೇ. "ಬಾಡಿಗೆ 9,000 ಕಳೀರಿ, ತಿಂಗಳಿಗೆ 17,000. ಹದಿನಾಲ್ಕು ತಿಂಗಳಿಗೆ 2,38,000." ಅವರು ಬೆರಳು ಮಡಿಸಿ ತಾವೇ ಎಣಿಸಿ ನೋಡಿದರು. ಕಾಯೋದಕ್ಕೂ ಖರ್ಚಿದೆ ಅಂತ ಅವರಿಗೆ ಯಾರೂ ಹೇಳಿರಲಿಲ್ಲ.

ಅವರಿಗಿದ್ದ ಇನ್ನೊಂದು ಹೆದರಿಕೆ ತೆರಿಗೆ. ಮಾರಿದ ದುಡ್ಡಲ್ಲಿ ಅರ್ಧ ಸರ್ಕಾರಕ್ಕೆ ಹೋಗುತ್ತೆ ಅಂತ ಯಾರೋ ತಲೆಗೆ ತುಂಬಿದ್ದರು. ಅದಕ್ಕೇ ಮುಂಚಿತವಾಗಿ ಬೆಲೆ ಏರಿಸಿಟ್ಟಿದ್ದರು. ನಿಜ ಏನಂದ್ರೆ, ಹಳೆಯ ಮನೆಗೆ 2001ರ ಏಪ್ರಿಲ್ 1ರ ಮೌಲ್ಯವನ್ನು ಅಸಲು ಅಂತ ಹಿಡಿಯಬಹುದು. ಲಾಭದ ಮೇಲೆ ನೇರವಾಗಿ ಶೇಕಡಾ 12.5, ಇಲ್ಲವೇ ಹಣದುಬ್ಬರದ ಸೂಚ್ಯಂಕ ಸೇರಿಸಿ ಶೇಕಡಾ 20, ಯಾವುದು ಕಮ್ಮಿಯೋ ಅದು. 2024ರ ಜುಲೈ 23ಕ್ಕೆ ಮುಂಚೆ ಕೊಂಡ ಅಥವಾ ಕಟ್ಟಿದ ಮನೆಗೆ ಈ ಆಯ್ಕೆ ಇದೆ. ಕೆಜಿಎಫ್‌ನವರ ದುರದೃಷ್ಟ ನೋಡಿ, ಆ ಏಪ್ರಿಲ್ 1 ಬಂದಿದ್ದು ಗಣಿ ಮುಚ್ಚಿದ ಒಂದೇ ತಿಂಗಳಿಗೆ, ಊರು ಕಂಗಾಲಾಗಿದ್ದ ಹೊತ್ತಿಗೆ. ಆದರೂ ಆಡಿಟರ್ ಹತ್ತಿರ ಕೂತು ಲೆಕ್ಕ ಹಾಕಿಸಿದಾಗ ತೆರಿಗೆ ಅವರು ಹೆದರಿದ್ದ ಅರ್ಧಕ್ಕೆ ಎಷ್ಟೋ ದೂರ ಇತ್ತು. ಆ ಆಡಿಟರ್ ಫೀಸು ಭಾವನೇ ಕೊಟ್ಟರು. ಒಳ್ಳೆಯ ಖರ್ಚು ಅದು.

ಕಾಗದದ ವಿಷಯ ಬೇಗ ಹೇಳಿ ಮುಗಿಸ್ತೀನಿ. ರಾಬರ್ಟ್‌ಸನ್‌ಪೇಟೆಯ ನಗರಸಭೆ ವ್ಯಾಪ್ತಿಯ ಖಾಸಗಿ ಸೈಟು ಬೇರೆ, ಗಣಿ ಕಾಲೊನಿಗಳ ಕ್ವಾರ್ಟರ್ಸ್ ಬೇರೆ. ಕ್ವಾರ್ಟರ್ಸಿನಲ್ಲಿ ಎಷ್ಟು ವರ್ಷದಿಂದ ವಾಸ ಇದ್ದಾರೆ ಅನ್ನೋದು ಕ್ರಯಪತ್ರ ಆಗಲ್ಲ. ಬರೀ ಸ್ವಾಧೀನದ ಕಾಗದ ನೋಡಿ ಮುಂಗಡ ಕೊಡಬೇಡಿ. ಮೂಲಪತ್ರ, ಋಣಭಾರ ಪತ್ರ, ಕಂದಾಯ ರಸೀದಿ, ವಂಶವೃಕ್ಷ, ಎಲ್ಲ ವಾರಸುದಾರರ ಸಹಿ, ಇವು ಬೇಕೇ ಬೇಕು. ಈಗ ಇ-ಖಾತೆ ಇಲ್ಲದೆ ಪಟ್ಟಣದ ಆಸ್ತಿ ನೋಂದಣಿ ಆಗಲ್ಲ. ಈ ಯಜಮಾನರ ಹತ್ತಿರ ಇ-ಖಾತೆ ಇರಲಿಲ್ಲ.

ಅದೇ ನಮಗೆ ಅನುಕೂಲ ಆಯ್ತು. ಭಾವ ಕೊನೆಯ ಮಾತು ಇಟ್ಟಿದ್ದು ಹೀಗೆ. ಬೆಲೆ 48 ಲಕ್ಷ, ಎಲ್ಲ ಬ್ಯಾಂಕ್ ಮೂಲಕ. ಅಗ್ರಿಮೆಂಟ್ ದಿನವೇ 5 ಲಕ್ಷ ಮುಂಗಡ. ಇ-ಖಾತೆಗೆ ನಾವೇ ಓಡಾಡ್ತೀವಿ. ನೋಂದಣಿ ಆದ ಮೇಲೂ ಮೇ ಕೊನೆಯವರೆಗೆ ನೀವು ಇಲ್ಲೇ ಇರಿ, ಬಾಡಿಗೆ ಬೇಡ. ಅದನ್ನು ಬರೆದು ಕೊಡ್ತೀವಿ. 48ಕ್ಕಿಂತ ಮೇಲೆ ನಮ್ಮ ಕೈಲಾಗಲ್ಲ, ಒಪ್ಪದಿದ್ದರೆ ಬೇಜಾರಿಲ್ಲ.

ಇದು ನಮ್ಮ ಲೆಕ್ಕದ ಬೆಲೆಗಿಂತ 4 ಲಕ್ಷ ಜಾಸ್ತಿ ಅಲ್ವಾ ಅಂತ ನೀವು ಕೇಳಬಹುದು. ಹೌದು, ಜಾಸ್ತಿ. ಸ್ಟೇಷನ್ನು ಹತ್ತಿರ, ಮಾರ್ಕೆಟ್ಟು ಹತ್ತಿರ, ಮಗಳ ಸ್ಕೂಲು ಬದಲಾಯಿಸಬೇಕಾಗಿಲ್ಲ. ಯಾವುದಕ್ಕೆ ಜಾಸ್ತಿ ಕೊಡ್ತಿದ್ದೀವಿ ಅಂತ ಗೊತ್ತಿದ್ದು ಕೊಟ್ಟರು. ಆಮೇಲೆ ಬೈದುಕೊಳ್ಳೋಕೆ ಏನೂ ಇರಲಿಲ್ಲ.

ಆ ಮಾತಿಟ್ಟು ಎದ್ದು ಬಂದ್ವಿ. ಹನ್ನೊಂದು ದಿನ ಫೋನಿಲ್ಲ. ನಾನು ದಿನಾ ರಾತ್ರಿ ಬುಲೆಟಿನ್ ಮುಗಿಸಿ ಅಕ್ಕನಿಗೆ ಫೋನ್ ಮಾಡಿ, "ನಾನೊಂದು ಸಲ ಮಾತಾಡ್ಲಾ?" ಅಂತ ಕೇಳ್ತಿದ್ದೆ. "ನೀನು ಫೋನ್ ಇಡು" ಅಂತಿದ್ದಳು. ಹನ್ನೆರಡನೇ ದಿನ ಭಾವ ಬಂಗಾರಪೇಟೆ ದಾಟಿ ರೈಲಲ್ಲಿ ನಿಂತಿದ್ದಾಗ ಯಜಮಾನರ ಫೋನು ಬಂತು. "ತಂಬಿ, ಮೇ ಅಂದ್ರೆ ಮೇ 31 ತಾನೇ? ಹಾಗಂತ ಬರೆದು ಕೊಡ್ತೀಯಲ್ಲ?"

ಬರೆದು ಕೊಟ್ಟಾಯ್ತು. ನೋಂದಣಿಯೂ ಆಯ್ತು. ಮನೆ ಈಗ ಅಕ್ಕ ಭಾವನ ಹೆಸರಲ್ಲಿದೆ. ಇರೋದು ಮಾತ್ರ ಇನ್ನೂ ಬಾಡಿಗೆ ಮನೆಯಲ್ಲೇ. ಮೇ 31ರವರೆಗೆ.